ಮುರಿದು ಕೊಟ್ಟ ಬರ್ಗರ್

ಬೆಣ್ಣೆ ಸವರಿದ ಬನ್ನು ಕಾದ ತವೆಯ ಮೇಲೆ ಕಂದುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗಬಹುದು. ನನಗೆ ಅಂಗೈ ಬೆವರುತ್ತದೆ. ಕೊಟ್ಟೂರಿನಲ್ಲಿ ನಾನು ರಕ್ತ ಪರೀಕ್ಷೆಯ ಒಂದು ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದೇನೆ. ಅದರ ಎದುರಿಗೇ ಈ ವರ್ಷ ಒಂದು ಬರ್ಗರ್ ಅಂಗಡಿ ಶುರುವಾಯಿತು. ನಾಲ್ಕು ಮೇಜು, ಗೋಡೆಗೆ ಕಣ್ಣಿಗೆ ಹೊಡೆಯುವಂಥ ಹಳದಿ ಬಣ್ಣ, ಬಾಗಿಲಿಗೆ ಮಿಣಮಿಣ ದೀಪ. ಕಾಲೇಜು ಹುಡುಗ ಹುಡುಗಿಯರು ಅಲ್ಲಿ ಮುಗಿಬೀಳುತ್ತಾರೆ. ನಾನು ಮಾತ್ರ ಅವರು ತವೆ ಕಾಯಿಸಿದ ಕೂಡಲೇ ನನ್ನ ಕಿಟಕಿ ಹಾಕಿಕೊಳ್ಳುತ್ತೇನೆ. ಅಂಗಡಿಯವರು ನನ್ನನ್ನು ಜಂಬದ ಹೆಂಗಸು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಮೊನ್ನೆ ಬುಧವಾರ ನಮ್ಮಣ್ಣ ಬೊಮ್ಮಣ್ಣ ಬಂದ. ಗುಡೇಕೋಟೆ ಪಕ್ಕದ ನಮ್ಮ ಹಟ್ಟಿಯಿಂದ ಕೂಡ್ಲಿಗಿಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೆ ಇನ್ನೊಂದು. ಎಡಗೈಯನ್ನು ಬಿಳಿ ಬಟ್ಟೆಯಲ್ಲಿ ಕುತ್ತಿಗೆಗೆ ನೇತು ಹಾಕಿಕೊಂಡಿದ್ದ. ಕುರಿ ಕೂಡಿಹಾಕುವ ಜಾಗದ ಜಗಳದಲ್ಲಿ ನಮ್ಮ ಚಿಕ್ಕಪ್ಪನ ಮಗ ಗಾದೆಪ್ಪ ಕೊಡಲಿಯನ್ನು ತಿರುಗಿಸಿ ಹಿಂಬದಿಯಿಂದ ಹೊಡೆದು, ಅಣ್ಣನ ಹೆಗಲಿನ ಮೂಳೆ ಮುರಿದು ಹದಿನೈದು ದಿನವಾಗಿತ್ತು. ಡಾಕ್ಟರು ಸಕ್ಕರೆ ನೋಡಿಸಿಕೊಂಡು ಬಾ ಅಂದಿದ್ದರಂತೆ. ನಾನು ಬಲಗೈಗೆ ಪಟ್ಟಿ ಬಿಗಿದು ಸೂಜಿ ಇಳಿಸಿದೆ. ಆ ಕೈಯ ಹೆಬ್ಬೆರಳ ತುಂಬ ಹೊಸ ಗೀರುಗಳು ಕಂಡವು.

"ಇದೇನಣ್ಣ?"

"ಕೊಡ್ಲಿ ಮಸದೆ."

"ಒಂದ ಕೈಲೆ?"

"ಕಲ್ಲ ಕಾಲಾಗ ಹಿಡಕಂಡೆ."

ಎಷ್ಟು ಸಲೀಸಾಗಿ ಹೇಳಿದ ಅಂದರೆ, ಮನೆಯಲ್ಲಿ ತರಕಾರಿ ಹೆಚ್ಚಿಟ್ಟು ಬಂದವನ ಹಾಗೆ. ಮರುದಿನವೇ ದುರುಗವ್ವನ ಗುಡಿಯ ಮುಂದೆ ಹಿರಿಯರು ಕೂಡುವವರಿದ್ದರು. ಗಾದೆಪ್ಪ ರೊಟ್ಟಿ ಮುರಿದು ಕೊಡಲು ಒಪ್ಪಿದ್ದಾನೆಂದು ಅತ್ತಿಗೆ ಫೋನಿನಲ್ಲಿ ಅಳುತ್ತಾ ಹೇಳಿದ್ದಳು. ನಿಮ್ಮಣ್ಣ ತಿನ್ನುವುದಿಲ್ಲ ಅಂತಿದ್ದಾನೆ, ನೀನಾದರೂ ಹೇಳು ಅಂದಿದ್ದಳು.

"ಗಾದೆಪ್ಪ ಮುರುದು ಕೊಡ್ತಾನಂತಲ್ಲ."

"ಮುರೀಲಿ. ನಾ ತಿನ್ನಂಗಿಲ್ಲ."

"ತಿನ್ನದಿದ್ರ?"

"ಅವ ಇರಬೇಕು, ಇಲ್ಲಾ ನಾ ಇರಬೇಕು. ರೊಟ್ಟಿ ನಂಬಿ ಒಮ್ಮಿ ಕಂಡೀನಲ್ಲ ದುರುಗಿ, ಬೆಂಗಳೂರಾಗ."

ಹೊರಗೆ ತವೆ ಚೊಯ್ ಅಂದಿತು. ಕಿಟಕಿ ಹಾಕುವುದು ಮರೆತಿದ್ದೆ.

ಈ ರೊಟ್ಟಿಯ ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಹಟ್ಟಿಯಲ್ಲಿ ಹೊಡೆದಾಟಕ್ಕೆ ಬರವಿಲ್ಲ. ಕುರಿ ಕಡಲೆ ಹೊಲಕ್ಕೆ ನುಗ್ಗಿದರೆ ಹೊಡೆದಾಟ, ನೀರಿನ ತೊಟ್ಟಿಗೆ ಯಾರ ಹಿಂಡು ಮೊದಲು ಅನ್ನುವುದಕ್ಕೆ ಹೊಡೆದಾಟ, ಏನೂ ಸಿಗದಿದ್ದರೆ ಮದುವೆ ಊಟದ ಪಂಕ್ತಿಯಲ್ಲಿ ಹೊಡೆದಾಟ. ಆದರೆ ರಕ್ತ ನೆಲಕ್ಕೆ ಬಿದ್ದರೆ ಅದಕ್ಕೊಂದು ಕಟ್ಟಳೆ ಇದೆ. ದುರುಗವ್ವನ ಮುಂದೆ ಒಂದು ತಾಟು, ತಾಟಿನಲ್ಲಿ ಒಂದೇ ಜೋಳದ ರೊಟ್ಟಿ. ಹೊಡೆದವನು ಅದನ್ನು ಮುರಿದು ಅರ್ಧವನ್ನು ಹೊಡೆಸಿಕೊಂಡವನಿಗೆ ಕೊಡಬೇಕು. ಹೊಡೆಸಿಕೊಂಡವನು ಮೊದಲು ತಿನ್ನಬೇಕು, ಆಮೇಲೆ ಹೊಡೆದವನು. ತಿಂದರೆ ಅಲ್ಲಿಗೆ ಮುಗಿಯಿತು. ಆ ಇಬ್ಬರ ಕೈ ಸಾಯುವವರೆಗೆ ಒಬ್ಬರ ಮೇಲೊಬ್ಬರದು ಏಳುವಂತಿಲ್ಲ. ಎದ್ದರೆ ಆ ಕೈಯನ್ನು ದುರುಗವ್ವ ಕೊಳೆಸುತ್ತಾಳೆ. ತಿನ್ನದೆ ಎದ್ದು ಹೋದರೆ ಜಗಳ ಹಾಗೇ ಉಳಿಯಿತು, ಇನ್ನು ಮಧ್ಯಕ್ಕೆ ಯಾರೂ ಬರುವುದಿಲ್ಲ.

ನನಗೆ ಎಂಟು ವರ್ಷವಿದ್ದಾಗ ಇದೇ ಗಾದೆಪ್ಪನ ಅಪ್ಪ, ನಮ್ಮ ಚಿಕ್ಕಪ್ಪ, ಬಡಿಗೆಯಿಂದ ನಮ್ಮಪ್ಪನ ತಲೆ ಒಡೆದಿದ್ದ. ನಾನು ಟವೆಲ್ ಒತ್ತಿ ಹಿಡಿದಿದ್ದೆ. ರಕ್ತ ನನ್ನ ಮೊಣಕೈವರೆಗೆ ಬಿಸಿಯಾಗಿ ಇಳಿದಿತ್ತು. ಮೂರನೆಯ ದಿನ ಅಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ಅರ್ಧ ರೊಟ್ಟಿ ತಿಂದ. ಅಲ್ಲಿಂದ ಇಬ್ಬರೂ ಸಾಯುವವರೆಗೆ ಒಬ್ಬನ ಮೇಲೊಬ್ಬ ಕೈ ಎತ್ತಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಆಚೆ ಈಚೆ ನಿಂತು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದರು ಅನ್ನುವುದು ಬೇರೆ ಮಾತು. ಬೈಗುಳಕ್ಕೆ ಕಟ್ಟಳೆ ಇರಲಿಲ್ಲ.

ಇನ್ನು ಬೆಂಗಳೂರಿನ ಆ ವರ್ಷ. ಲ್ಯಾಬಿನ ಕೋರ್ಸ್ ಮುಗಿಸಿ, ಒಂದು ವರ್ಷದ ತರಬೇತಿಗೆ ಅಲ್ಲಿಯ ಒಂದು ಆಸ್ಪತ್ರೆ ಸೇರಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ರಕ್ತ. ಅಪಘಾತದವರದು, ಬಾಣಂತಿಯರದು, ಕುಡಿದು ಬಾಟಲಿಯಲ್ಲಿ ಹೊಡೆದಾಡಿಕೊಂಡು ಬಂದವರದು. ಹಾಸ್ಟೆಲಿನಲ್ಲಿ ಹುಳಿ ನೀರಿಗೆ ಸಾಂಬಾರು ಅನ್ನುತ್ತಿದ್ದರು. ಜೊತೆಯ ಹುಡುಗಿಯರು ನನ್ನ ಮಾತಿಗೆ ನಗುತ್ತಿದ್ದರು. ನಾನು 'ಐತಿ' ಅಂದರೆ ಒಬ್ಬಳು 'ಐತಿ' ಅನ್ನುವಳು, ಉಳಿದವರು ಬಿದ್ದು ಬಿದ್ದು ನಗುವರು. ಎರಡೇ ತಿಂಗಳಲ್ಲಿ ನಾನು 'ಇದೆ' ಅನ್ನುವುದನ್ನು ಕಲಿತೆ. ಆಸ್ಪತ್ರೆಗೆ ಬೇಕಾಗುವಷ್ಟು ಹಿಂದಿಯನ್ನೂ ಕಲಿತೆ. ಊರಿನದೆಲ್ಲ ಬಾಯಿಂದ ಒರೆಸಿಹಾಕಿಕೊಂಡೆ. ವಾರಕ್ಕೊಮ್ಮೆ ಬರುವ ಅಣ್ಣನೊಬ್ಬ ಉಳಿದಿದ್ದ, ಅವನನ್ನು ಒರೆಸುವಂತಿರಲಿಲ್ಲ.

ಅಣ್ಣ ಆಗ ಕೂಡ್ಲಿಗಿ ಕಡೆಯ ಕುರಿಗಳನ್ನು ಲಾರಿಗೆ ತುಂಬಿಕೊಂಡು ಪ್ರತಿ ಬುಧವಾರ ಬೆಂಗಳೂರಿನ ಕುರಿಸಂತೆಗೆ ಬರುತ್ತಿದ್ದ. ಬೆಳಿಗ್ಗೆಯೇ ಮಾರಾಟ ಮುಗಿಸಿ, ಹಣ ಕೊಟ್ಟು ಸ್ನಾನ ಮಾಡುವ ಕಡೆ ಮೈ ತಿಕ್ಕಿಕೊಂಡು, ಇಸ್ತ್ರಿ ಅಂಗಿ ಹಾಕಿ ಹನ್ನೆರಡಕ್ಕೆ ಸರಿಯಾಗಿ ಹಾಸ್ಟೆಲಿನ ಗೇಟಿಗೆ ನಿಲ್ಲುತ್ತಿದ್ದ. ನನ್ನ ವಾರದ ರಜೆಯೂ ಅವತ್ತೇ. ಎಷ್ಟು ಸೋಪು ಹಚ್ಚಿದರೂ ಅಣ್ಣನಿಂದ ಕುರಿಯ ವಾಸನೆ ಹೋಗುತ್ತಿರಲಿಲ್ಲ. ಒಮ್ಮೆ ನಾನೇ ಸಂತೆಗೆ ಹೋಗಿದ್ದೆ. ಮಳೆ ಹುಯ್ಯುತ್ತಿತ್ತು. ಹಿಂದುಗಡೆ ಕೊಯ್ಯುವ ಕಟ್ಟೆಯಿಂದ ಕೆಂಪು ನೀರು ಕಾಲುವೆಯಾಗಿ ಹರಿದು ಬರುತ್ತಿತ್ತು. ಯಾರ ಲಾರಿ ಮೊದಲು ಇಳಿಸಬೇಕು ಅನ್ನುವುದಕ್ಕೆ ಹಮಾಲರಿಬ್ಬರು ಆ ನೀರಿನಲ್ಲೇ ಹೊರಳಾಡಿ ಹೊಡೆದಾಡುತ್ತಿದ್ದರು. ಅಣ್ಣ ಇಬ್ಬರ ಕುತ್ತಿಗೆಯ ಪಟ್ಟಿ ಹಿಡಿದು, ಎರಡು ಟಗರು ಬಿಡಿಸಿದ ಹಾಗೆ ಬಿಡಿಸಿ ಒಗೆದ. ಅಂಥ ಮೈ ಅವನದು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದು ಅವನ ಕೈಲಾಗದೆ ಆದದ್ದಲ್ಲ.

ಬರ್ಗರಿನ ಹುಚ್ಚು ಅವನಿಗೆ ಹತ್ತಿದ್ದು ಒಂದು ಚಿತ್ರದಿಂದ. ಬಸ್ ಸ್ಟಾಪಿನ ಗೋಡೆಯ ಮೇಲೆ ಆಳೆತ್ತರದ ಬರ್ಗರ್ ಬರೆದಿದ್ದರು. ಅಣ್ಣ ಅದರ ಮುಂದೆ ನಿಂತುಬಿಟ್ಟ.

"ಅದರ ನಡುವ ಇರೋದು ಏನದು?"

"ಮಟನ್ ಇರ್ಬೇಕು. ಕೈಮಾ ಮಾಡಿ ತಟ್ಟಿರ್ತಾರೆ."

"ನಮ್ಮ ಕುರಿ ಇಷ್ಟ ದೂರ ಬಂದು ಕಡೀಕ ಏನಾಕ್ಕಾವ ನೋಡೇಬಿಡಾನ ನಡಿ."

ಅಲ್ಲಿಂದ ಪ್ರತಿ ಬುಧವಾರ ಒಂದೊಂದು ಬರ್ಗರ್ ಅಂಗಡಿ. ಗಾಜಿನ ಬಾಗಿಲಿನದು, ಕೂರಲು ಉಯ್ಯಾಲೆ ಕಟ್ಟಿದ್ದು, ತಿನ್ನಲು ಪ್ಲಾಸ್ಟಿಕ್ ಕೈಗವಸು ಕೊಡುವುದು, ಕಿವಿ ಹರಿಯುವ ಹಾಗೆ ಇಂಗ್ಲಿಷ್ ಹಾಡು ಹಾಕುವುದು. ಒಂದು ಕಡೆ ಕಪ್ಪು ಬಣ್ಣದ ಬನ್ನು ಕೊಟ್ಟರು. ಸೀದಿದೆ, ಬೇರೆ ಕೊಡ್ರಿ ಎಂದು ಅಣ್ಣ ವಾಪಸು ಕಳಿಸಿದ. ಎಲ್ಲಿ ಹೋದರೂ ಅವನದು ಒಂದೇ ಕ್ರಮ. ಮೇಲಿನ ಬನ್ನು ಎತ್ತಿ, ಎಲೆಗಳನ್ನು ಪಕ್ಕಕ್ಕಿಟ್ಟು "ಇದು ಕುರಿಗಿ ಹಾಕೋದು" ಅನ್ನುವನು. ಬನ್ನಿನ ಒಂದು ಚೂರು ಮುರಿದು ಕಾಗದದ ಮೂಲೆಗೆ ದುರುಗವ್ವನ ಹೆಸರಿಗೆ ಇಡುವನು. ಆಮೇಲೆ ಮಾಂಸ ಬಾಯಿಗಿಟ್ಟು ಕಣ್ಣು ಮುಚ್ಚಿ ತೀರ್ಪು ಹೇಳುವನು.

"ಇದು ನಮ್ಮ ಕಡೀದಲ್ಲ. ಐಸ್‌ನ್ಯಾಗ ಮಲಗಿಸಿ ತಂದ ಮುದಿ ಕುರಿ."

ನಾನು ನಗುತ್ತಿದ್ದೆ. ನಗುತ್ತಲೇ ಅಕ್ಕಪಕ್ಕದ ಮೇಜಿನವರು ನೋಡುತ್ತಿದ್ದಾರಾ ಎಂದು ಕಣ್ಣು ಹಾಯಿಸುತ್ತಿದ್ದೆ. ಅಣ್ಣ ಬುಧವಾರಕ್ಕಾಗಿ ವಾರವಿಡೀ ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ, ಮತ್ತು ಅಂಜುತ್ತಿದ್ದೆ.

ಅಂಜಿದ್ದೇ ಆಯಿತು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಕೆಂಪು ಕುರ್ಚಿಗಳ ಒಂದು ಅಂಗಡಿ ಅಣ್ಣನಿಗೆ ಹಿಡಿಸಿ, ಅಲ್ಲಿಗೇ ಎರಡನೇ ಸಲ ಹೋಗಿದ್ದೆವು. ಪಕ್ಕದ ಮೇಜಿನಲ್ಲಿ ನಾಲ್ವರು ಹುಡುಗರು, ಜಿಮ್ಮಿನಿಂದ ನೇರ ಬಂದವರು, ಮೊದಲ ಸಲ ಹೋದಾಗಲೂ ಅಲ್ಲೇ ಇದ್ದವರು. ಅವರಲ್ಲಿ ಒಬ್ಬ ಮೂಗು ಹಿಡಿದ. ಉಳಿದವರು ಅಂಕಿತ್ ಎಂದು ಕರೆಯುತ್ತಿದ್ದ ಹುಡುಗ ಬ್ಯಾಗಿನಿಂದ ಸೆಂಟಿನ ಡಬ್ಬಿ ತೆಗೆದು ನಮ್ಮ ಕಡೆಗೆ ಪುಸ್ ಪುಸ್ ಎಂದು ಹೊಡೆದ. ಅಣ್ಣನಿಗೆ ತಿಳಿಯಲಿಲ್ಲ. ಅಂಗಡಿಯ ಮರ್ಯಾದೆ ಇರಬೇಕು, ಮದುವೆಮನೆಯ ಪನ್ನೀರಿನ ಹಾಗೆ ಅಂದುಕೊಂಡು ಅವರ ಕಡೆ ನೋಡಿ ನಕ್ಕು ಕೈ ಮುಗಿದ. ನಾಲ್ವರೂ ಮೇಜು ಬಡಿದು ನಕ್ಕರು. "ದೊಡ್ಡಿಯಿಂದ ಎದ್ದು ನೇರ ಇಲ್ಲಿಗೇ ಬಂದಿದೆ, ಜೊತೆಯವಳದ್ದೂ ಅದೇ ವಾಸನೆಯಾ ಕೇಳು" ಎಂದು ಅಂಕಿತ್ ಹಿಂದಿಯಲ್ಲಿ ಅಂದ.

"ಏನಂತಾನವ?" ಅಣ್ಣ ಕೇಳಿದ, ಮುಖದಲ್ಲಿ ಇನ್ನೂ ಅದೇ ನಗೆ.

ಏನಿಲ್ಲ ಅನ್ನಬಹುದಿತ್ತು. ಆ ನಗೆ ನೋಡಿ ನನಗೆ ತಡೆಯದಷ್ಟು ಸಿಟ್ಟು ಬಂತು. ಯಾರ ಮೇಲೆ ಅಂತ ಈಗ ಕೇಳಿದರೆ, ಅಣ್ಣನ ಮೇಲೆಯೇ. ಒಂದಕ್ಷರ ಬಿಡದೆ ಹೇಳಿದೆ.

ಅಣ್ಣ ಸ್ಟೀಲಿನ ಟ್ರೇ ಎತ್ತಿದ, ಎರಡು ಹೆಜ್ಜೆ ಇಟ್ಟ, ಅದನ್ನು ಅಡ್ಡಡ್ಡವಾಗಿ ಆ ಹುಡುಗನ ಮುಖಕ್ಕೆ ಬೀಸಿದ. ಒಂದೇ ಏಟು. ಒಣ ಕಟ್ಟಿಗೆ ಮುರಿದ ಸದ್ದು. ಅಂಕಿತ್ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಮೂಗು ಒಂದು ಕಡೆಗೆ ವಾಲಿತ್ತು, ಬೆರಳ ಸಂದಿಯಿಂದ ರಕ್ತ ಸುರಿದು ಬಿಳಿ ಬೂಟಿನ ಮೇಲೆ ಬೀಳುತ್ತಿತ್ತು. ಇನ್ನೊಬ್ಬ ಎದ್ದು ಬಂದ. ಅಣ್ಣ ಅವನ ಎದೆಗೆ ಅಂಗೈಯಿಂದ ತಳ್ಳಿದ, ಅವನು ಐಸ್ ಮಷೀನಿಗೆ ಹೋಗಿ ಬಡಿದ. ಮತ್ತೆ ಯಾರೂ ಏಳಲಿಲ್ಲ. ಹಾಡು ಮಾತ್ರ ನಡೆದೇ ಇತ್ತು. ಮ್ಯಾನೇಜರ್ ಪೊಲೀಸು ಎಂದ ಕೂಡಲೇ, ಬೇಡ ಬೇಡ ಎಂದು ಕೈ ಆಡಿಸಿದವನು ಅಂಕಿತ್ತೇ. ಮನೆಯವರಿಗೆ ತಿಳಿಯುವ ಭಯವಿತ್ತೇನೋ. ನಾನು ಅಣ್ಣನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಹಾಸ್ಟೆಲಿನಲ್ಲಿ ನನ್ನ ಮಾತಿಗೆ ನಕ್ಕವರೆಲ್ಲರ ಮೂಗೂ ಅಲ್ಲಿ ಮುರಿದಿತ್ತು.

ಅಣ್ಣನಿಗೆ ಖುಷಿಯಾಗಿರಲಿಲ್ಲ. ಮುಂದಿನ ಬುಧವಾರ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ವಾರವಿಡೀ ಸರಿಯಾಗಿ ಉಂಡಿರಲಿಲ್ಲ. ಕೈಯಲ್ಲೊಂದು ಬಟ್ಟೆಯ ಗಂಟು.

"ಏನದು?"

"ರೊಟ್ಟಿ. ನಿಮ್ಮತ್ತಿಗಿ ಬಡದು ಕೊಟ್ಟಾಳ. ರಕ್ತ ಬಿದ್ದೈತಿ ದುರುಗಿ, ಹಂಗ ಬಿಡಬಾರ್ದು. ಆ ಹುಡುಗ ಅಲ್ಲೇ ಬರ್ತಾನಲ್ಲ. ಮುರುದು ಕೊಟ್ಟು ಬರಾನ."

ಕೆಂಪು ಕುರ್ಚಿಗಳ ನಡುವೆ ಗಂಟು ಬಿಚ್ಚಿ ಜೋಳದ ರೊಟ್ಟಿ ತೆಗೆಯುವ ಅಣ್ಣನನ್ನು ನೆನೆದೇ ನನಗೆ ಬೆವರು ಕಿತ್ತುಕೊಂಡಿತು. "ಹೊರಗಿನ ತಿಂಡಿ ಒಳಗೆ ಬಿಡಲ್ಲಣ್ಣ" ಅಂದೆ. ಸುಳ್ಳೇನಲ್ಲ, ಹಾಗೆಂದು ಬೋರ್ಡೂ ಇತ್ತು. ಅಣ್ಣ ಗಂಟನ್ನು ಕಂಕುಳಿಗೆ ಸೇರಿಸಿದ. "ಬನ್ನೂ ಕಾಳಿಂದ ಮಾಡಿದ್ದ ಅಲ್ಲ? ಅದೂ ನಡಿತೈತಿ" ಅಂದ.

ಅಂಕಿತ್ ಇದ್ದ. ಮೂಗಿನ ಮೇಲೆ ಬಿಳಿ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ಇಬ್ಬರು ಗೆಳೆಯರಿದ್ದರು. ನಮ್ಮನ್ನು ಕಂಡವನೇ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ. ಅಣ್ಣ ಒಂದು ಬರ್ಗರ್ ಕೊಂಡು, ಅವನ ಮೇಜಿನ ಮುಂದೆ ಚಪ್ಪಲಿ ಬಿಟ್ಟು ನಿಂತ. ಬರಿಗೈಯಲ್ಲಿ ಅದನ್ನು ಎರಡಾಗಿ ಮುರಿದ. ಕೆಂಪು ಸಾಸು ಮಣಿಕಟ್ಟಿನವರೆಗೆ ಇಳಿಯಿತು. ಅರ್ಧವನ್ನು ಮುಂದೆ ಚಾಚಿ, ಗುಡಿಯ ಮುಂದೆ ಹೇಳುವ ಧ್ವನಿಯಲ್ಲೇ ಹೇಳಿದ.

"ನಾ ಹೊಡದೀನಿ, ನಿನ್ನ ರಕ್ತ ಬಿದ್ದೈತಿ. ಇದನ್ನ ನೀ ಮೊದಲ ತಿನ್ನು, ಹಿಂದ ನಾ ತಿಂತೀನಿ. ತಿಂದ ಮ್ಯಾಲ ನಿನ್ನ ಕೈ ನನ್ನ ಮ್ಯಾಲ, ನನ್ನ ಕೈ ನಿನ್ನ ಮ್ಯಾಲ ಏಳಬಾರ್ದು. ಎದ್ದ ಕೈ ದುರುಗವ್ವಂದು. ಒಪ್ಪಿಗಿ ಇದ್ರ ತಿನ್ನು, ಇಲ್ಲಾಂದ್ರ ಬ್ಯಾಡ." ನನ್ನ ಕಡೆ ತಿರುಗಿದ. "ಹೇಳ ಅವಗ."

ಇಡೀ ಅಂಗಡಿ ನಮ್ಮನ್ನು ನೋಡುತ್ತಿತ್ತು. ಕೌಂಟರಿನ ಹುಡುಗಿ ಫೋನು ಎತ್ತಿ ಹಿಡಿದಿದ್ದಳು. ದುರುಗವ್ವ, ಕೈ, ರಕ್ತ, ಇದನ್ನೆಲ್ಲ ಹಿಂದಿಯಲ್ಲಿ ಹೇಳಬೇಕು. ನನ್ನ ಕಿವಿಗಳು ಸುಡುತ್ತಿದ್ದವು.

"ನಮ್ಮಣ್ಣ ಸಾರಿ ಹೇಳ್ತಿದ್ದಾನೆ. ದಯವಿಟ್ಟು ತಗೊಳ್ಳಿ" ಎಂದು ಹಿಂದಿಯಲ್ಲಿ ಅಂದೆ. ಅಷ್ಟೇ ಅಂದೆ. ವಾರದ ಹಿಂದೆ ಬೈಗುಳವನ್ನು ಅಕ್ಷರ ಬಿಡದೆ ಮುಟ್ಟಿಸಿದ್ದವಳು ನಾನೇ.

ಅಂಕಿತ್ ಅಣ್ಣನನ್ನೂ ಆ ಸೋರುವ ಬರ್ಗರನ್ನೂ ನೋಡಿದ. ಭುಜ ಕುಣಿಸಿದ. ಗೆಳೆಯರ ಕಡೆ ಕಣ್ಣು ಹೊಡೆದು ಒಂದು ಕಡಿ ಕಡಿದ, ನುಂಗಿದ. ಅಣ್ಣ ತನ್ನ ಅರ್ಧವನ್ನು ನಾಲ್ಕೇ ತುತ್ತಿಗೆ ತಿಂದ. ಕಣ್ಣಲ್ಲಿ ನೀರಿತ್ತು. ಆ ಹುಡುಗನ ತಲೆಯ ಮೇಲೆ ಕೈಯಿಟ್ಟು "ಚೊಲೋ ಇರಪ್ಪ" ಅಂದ. ಹೊರಗೆ ಬಂದು, ತಂದಿದ್ದ ರೊಟ್ಟಿಯನ್ನು ಗಂಟು ಬಿಚ್ಚಿ ಫುಟ್‌ಪಾತಿನಲ್ಲೇ ನಿಂತು ತಿಂದ. ಅಷ್ಟು ಹಗುರಾಗಿ ಅವನನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆಮೇಲೆ ಒಂದು ತಿಂಗಳು. ದಸರೆ ಮುಗಿದಿತ್ತು, ಬಿಸಿಲು ಚುರುಕಾಗಿತ್ತು. ಮಧ್ಯಾಹ್ನ ಎರಡು ಗಂಟೆ. ಅದೇ ಅಂಗಡಿಯಲ್ಲಿ ಬರ್ಗರ್ ತಿಂದು, ಬಸ್ ಸ್ಟಾಪಿಗೆ ಹತ್ತಿರವಾಗುತ್ತದೆಂದು ಅಂಗಡಿಯ ಹಿಂದಿನ ಓಣಿಗೆ ಇಳಿದೆವು. ಮೂರು ಬೈಕು ಅಡ್ಡ ಬಂದು ನಿಂತವು. ಐದು ಜನ. ಅಂಕಿತ್ ಮುಂದಿದ್ದ. ಪಟ್ಟಿ ತೆಗೆದಿದ್ದರು, ಮೂಗು ಮಾತ್ರ ಸೊಟ್ಟಗೇ ನಿಂತಿತ್ತು. ಅಣ್ಣ ಅವನನ್ನು ಕಂಡು ನಕ್ಕ. ನೆಂಟನನ್ನು ಕಂಡಂತೆ ಕೈ ಚಾಚಿ "ಏನಪಾ, ಆರಾಮೇನು" ಅಂದ. ಅಂಕಿತ್ ಹೆಲ್ಮೆಟ್ಟಿನಿಂದ ಅವನ ಬಾಯಿಗೆ ಹೊಡೆದ.

ಅಣ್ಣ ಬೀಳಲಿಲ್ಲ. ಮುಷ್ಟಿ ಕಟ್ಟಿದ್ದನ್ನು ನಾನು ಕಂಡೆ. ಕಟ್ಟಿದವನು ಬಿಚ್ಚಿದ. ಎರಡೂ ಕೈ ಹಿಂದಕ್ಕೆ ಒಯ್ದು ಒಂದನ್ನೊಂದು ಹಿಡಿದುಕೊಂಡ.

"ತಿಂದೀವಪ್ಪೋ" ಎಂದು ಕೂಗಿದ. ಬಾಯಿ ತುಂಬ ರಕ್ತ. "ನೀನೂ ತಿಂದಿ, ನಾನೂ ತಿಂದೀನಿ!"

ಅವರಿಗೆ ಏನು ತಿಳಿಯಬೇಕು. ಒಬ್ಬ ಹಿಂದಿನಿಂದ ಮೊಣಕಾಲಿಗೆ ಒದ್ದ. ಅಣ್ಣ ಕುಸಿದ. ಹೆಲ್ಮೆಟ್ಟು ಮತ್ತೆ ಮತ್ತೆ ಇಳಿಯಿತು, ಎಡ ದವಡೆಗೆ, ಎಡ ಕಿವಿಗೆ. ಪ್ರತಿ ಏಟಿಗೂ ತಲೆ ಗೋಡೆಗೆ ಬಡಿಯುತ್ತಿತ್ತು. ಎರಡು ಹಲ್ಲು ನನ್ನ ಕಾಲ ಬುಡಕ್ಕೆ ಬಂದು ಬಿದ್ದವು. ನಾನು ಒಬ್ಬನ ಕೈಗೆ ಬಾಯಿ ಹಾಕಿ ಕಚ್ಚಿದೆ. ಅವನು ನನ್ನನ್ನು ಜಾಡಿಸಿ ಒಗೆದ. ಬಿದ್ದಲ್ಲಿಂದಲೇ ಅರಚಿದೆ.

"ಹೊಡಿ ಅಣ್ಣ! ಹೊಡಿ ಅವ್ರನ್ನ! ನಿನ್ನ ಕೈಲಿ ಆಕ್ಕೈತಿ, ಹೊಡಿ!"

ಅವನು ರಕ್ತದೊಳಗಿಂದ ನನ್ನನ್ನು ನೋಡಿದ. "ಹ್ಯಾಂಗ ಹೊಡೀಲಿ?" ಅಂದ. ನಿಜವಾಗಿಯೂ ಕೇಳಿದ, ನನಗೇನಾದರೂ ದಾರಿ ಗೊತ್ತಿದ್ದರೆ ಹೇಳಲಿ ಎನ್ನುವ ಹಾಗೆ. ಒಂದು ಮಾತು ನನ್ನ ಬಾಯಲ್ಲಿತ್ತು. ಅವನಿಗೆ ನಾನು ಹೇಳಿಲ್ಲ ಅಣ್ಣ, ನೀನು ಹೊಡೆಯಬಹುದು, ದುರುಗವ್ವ ಏನೂ ಅನ್ನುವುದಿಲ್ಲ. ಅಷ್ಟು ಹೇಳಿದ್ದರೆ ಅವನು ಎದ್ದು ಐವರನ್ನೂ ಮಲಗಿಸುತ್ತಿದ್ದ. ಹೇಳಲಿಲ್ಲ. ಆ ಹೊತ್ತಿನಲ್ಲೂ ನನ್ನ ಮಾನ ಉಳಿಸಿಕೊಳ್ಳುವುದನ್ನೇ ನೋಡಿದೆ. ಓಣಿಯ ಜನ ಸೇರುವ ಹೊತ್ತಿಗೆ ಅವರು ಬೈಕು ಹತ್ತಿ ಹೋಗಿದ್ದರು. ಅಣ್ಣನ ಕೈಗಳು ಬೆನ್ನ ಹಿಂದೆಯೇ ಇದ್ದವು, ಬಿಡಿಸಲು ಇಬ್ಬರು ಬೇಕಾಯಿತು.

ನಮ್ಮ ಆಸ್ಪತ್ರೆಯಲ್ಲೇ ದವಡೆಗೆ ತಂತಿ ಹಾಕಿದರು. ಎಡಗಡೆಯ ದವಡೆಹಲ್ಲುಗಳು ಹೋದವು. ಎಡಗಿವಿ ಪೂರ್ತಿ ಹೋಯಿತು. ಅವನ ರಕ್ತದ ಟ್ಯೂಬಿನ ಮೇಲೆ ಹೆಸರು ಬರೆದವಳು ನಾನೇ. ಇಪ್ಪತ್ತು ದಿನಕ್ಕೆ ತಂತಿಯ ಸಂದಿಯಿಂದ ಮೊದಲು ಬಂದ ಮಾತು ಇದು.

"ಅವ ತಿಂದಿದ್ದ ಅಲ್ಲ?"

"ತಿಂದಿದ್ದ."

"ನೀ ಹೇಳಿದ್ದಿ ಅಲ್ಲ?"

"ಹೇಳಿದ್ದೆ."

ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಆ ಮೇಲೆ ಅವನು ಬೆಂಗಳೂರಿಗೆ ಲಾರಿ ಒಯ್ಯಲಿಲ್ಲ. ಹಟ್ಟಿಯಲ್ಲಿ ಯಾರದೇ ಜಗಳ ಮುಗಿಸುವ ರೊಟ್ಟಿಗೂ ಹೋಗಿ ಕೂರಲಿಲ್ಲ. ಕರೆದರೆ "ಅದೆಲ್ಲ ಸುಳ್ಳು" ಅನ್ನುತ್ತಿದ್ದ. ನಾನು ತರಬೇತಿ ಮುಗಿಸಿ ಕೊಟ್ಟೂರಿಗೆ ಬಂದು ಲ್ಯಾಬ್ ಹಾಕಿದೆ. ಏಳು ವರ್ಷ, ಹಬ್ಬಕ್ಕೆ ಹುಣ್ಣಿಮೆಗೆ ಹಟ್ಟಿಗೆ ಹೋದಾಗೆಲ್ಲ ಅಣ್ಣ ಬಲಗಡೆಯಲ್ಲಿ ಮಾತ್ರ ಅಗಿಯುವುದನ್ನು ಎದುರಿಗೆ ಕೂತು ನೋಡಿದೆ.

ಮೊನ್ನೆ ಬುಧವಾರ ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ, "ನಡಿ ಅಣ್ಣ, ಎದುರಿಗಿ ಹೋಗಾನ" ಅಂದೆ.

"ಆ ಅಂಗಡಿಗ್ಯಾ? ಹುಚ್ಚ ಹಿಡದೈತೇನ ನಿನಗ?"

ಆದರೂ ಬಂದ. ಅಂಗಡಿಯ ಯಜಮಾನರು ವಿಭೂತಿ ಹಚ್ಚಿದ ಮಧ್ಯವಯಸ್ಸಿನವರು, ನನ್ನನ್ನು ಕಂಡು ಬೆರಗಾದರು. "ಬರ್ರಿ ಮೇಡಂ, ಇವತ್ತ ದಾರಿ ತಪ್ಪಿತೇನು?" ಎಂದು ನಕ್ಕರು. ಒಂದೇ ಬರ್ಗರ್ ಹೇಳಿದೆ. ಆಲೂಗಡ್ಡೆಯದು, ಅವರ ಅಂಗಡಿಯಲ್ಲಿ ಬೇರೆ ಇಲ್ಲ. ಅಣ್ಣ ಮೇಲಿನ ಬನ್ನು ಎತ್ತಿ ನೋಡಿ "ಇದರಾಗ ಕುರಿನ ಇಲ್ಲ" ಅಂದ. ಏಳು ವರ್ಷದ ಮೇಲೆ ಬಂದ ತಮಾಷೆ ಅದು. ಇನ್ನು ತಡೆದರೆ ಹೇಳುವುದೇ ಇಲ್ಲ ಎಂದು ತಿಳಿದು ಹೇಳಿಬಿಟ್ಟೆ.

"ಅಣ್ಣ, ಅವತ್ತ ನಾ ಅವಗ ಹೇಳಲಿಲ್ಲ."

ಅಣ್ಣ ಬಲಗಿವಿ ನನ್ನ ಕಡೆ ತಿರುಗಿಸಿದ. "ಏನಂದಿ? ಕೇಳಲಿಲ್ಲ."

ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅಂಗಡಿಯವರಿಗೂ ಕೇಳಿಸಿತು.

"ನೀ ಹೇಳಿದ್ದನ್ನ ನಾ ಹೇಳಲಿಲ್ಲ. ಕೈ ಏಳಬಾರ್ದು ಅಂದಿದ್ದು, ದುರುಗವ್ವನ ಹೆಸರು, ಯಾವುದೂ ಹೇಳಲಿಲ್ಲ. ನಮ್ಮಣ್ಣ ಸಾರಿ ಅಂತಾನ, ತಗಳ್ರಿ ಅಂದೆ. ಅಷ್ಟ. ಅವಗ ಅದು ಬರೇ ಬರ್ಗರ್."

"ಯಾಕ?"

"ನಾಚಿಕಿ ಆತು."

ಕೆನ್ನೆಗೆ ಏಟು ಬಿದ್ದದ್ದು ಕಾಣಲಿಲ್ಲ, ಕುರ್ಚಿಯಿಂದ ಅರ್ಧ ಜಾರಿದಾಗ ತಿಳಿಯಿತು. ತುಟಿ ಹಲ್ಲಿಗೆ ಸಿಕ್ಕಿ ಹರಿದಿತ್ತು. ಹಳದಿ ಮೇಜಿನ ಮೇಲೆ ನಾಲ್ಕು ಹನಿ ರಕ್ತ ಬಿತ್ತು. ಯಜಮಾನರು "ಏ ಏ, ಏನ್ರಿ ಇದು" ಎಂದು ಓಡಿ ಬಂದರು. "ಅಣ್ಣ ತಂಗಿ ಅದೀವ್ರಿ, ನೀವು ಹೋಗ್ರಿ" ಅಂದೆ. ಅವರು ಹೋಗಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಂತರು.

ಅಣ್ಣ ಎದ್ದು ನಿಂತಿದ್ದ. ಉಸಿರು ಬುಸುಗುಡುತ್ತಿತ್ತು. ಇನ್ನೊಂದು ಬೀಳುತ್ತದೆ ಅಂದುಕೊಂಡೆ. ಬೀಳಲಿ ಅಂತಲೇ ಕೂತಿದ್ದೆ.

"ಏಳ ವರ್ಷ" ಅಂದ. "ಏಳ ವರ್ಷ ದುರುಗವ್ವನ ಮುಂದ ನಿಂತು ಆ ಹುಡುಗನ ಕೈ ಕೊಳೀಲಿ ಅಂತ ಬೇಡ್ಕಂಡೀನಿ. ಅವಗ ಗೊತ್ತ ಇರಲಿಲ್ಲ."

"ಇರಲಿಲ್ಲಣ್ಣ."

"ಮಾತ ಮುರದಾನ ಅಂತ ಬೈದೆ. ಅವ ಮಾತ ಕೊಟ್ಟ ಇರಲಿಲ್ಲ."

"ಕೊಟ್ಟಿರಲಿಲ್ಲ."

ಅಣ್ಣ ಕೂತ. ಮೇಜಿನ ಮೇಲಿನ ರಕ್ತ ನೋಡಿದ. "ಹಂಗಾರ ರೊಟ್ಟಿ ಸುಳ್ಳಾಗಿಲ್ಲ" ಎಂದು ತನಗೆ ತಾನೇ ಅಂದುಕೊಂಡ. ಆಮೇಲೆ ತನ್ನ ಬಲಗೈ ತಿರುಗಿಸಿ ನೋಡಿಕೊಂಡ, ನನ್ನ ತುಟಿ ನೋಡಿದ. ಬರ್ಗರನ್ನು ಹಿಡಿದೆತ್ತಿದ. ಒಂದೇ ಕೈಯಲ್ಲಿ ಮುರಿಯಲು ಬರಲಿಲ್ಲ. ಬನ್ನು ಅಪ್ಪಚ್ಚಿಯಾಯಿತು.

"ಆ ಕಡಿ ಹಿಡಿ" ಅಂದ.

ನಾನು ಹಿಡಿದೆ. ಅವನು ಎಳೆದ. ಎರಡಾಯಿತು.

"ನಾ ಹೊಡದೀನಿ, ನಿನ್ನ ರಕ್ತ ಬಿದ್ದೈತಿ. ನೀ ಮೊದಲ ತಿನ್ನು."

"ಮೊದಲ ಹೊಡದಾಕಿ ನಾನಣ್ಣ. ನೀ ತಿನ್ನಬೇಕು ಮೊದಲ."

"ಲೇ, ತಿನ್ನ ಅಂದ್ರ ತಿನ್ನು."

ತಿಂದೆ. ಆಲೂಗಡ್ಡೆ ಬಿಸಿಯಾಗಿತ್ತು, ಹರಿದ ತುಟಿಗೆ ಖಾರ ತಾಗಿ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ನುಂಗಿದೆ. ನಾನು ನುಂಗುವುದನ್ನು ನೋಡಿಕೊಂಡೇ ಅಣ್ಣ ಒಂದು ಚೂರು ಮುರಿದು ಕಾಗದದ ಮೂಲೆಗಿಟ್ಟ. ಉಳಿದದ್ದನ್ನು ಬಲಗಡೆಯ ದವಡೆಗೆ ಇಟ್ಟು ನಿಧಾನವಾಗಿ ಅಗಿದ. ನೀರು ಕುಡಿದು, ಬಾಯಿ ಒರೆಸಿಕೊಂಡು, ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿದ.

"ನಾಳಿ ಗುಡಿ ಮುಂದ ಎಷ್ಟೊತ್ತಿಗಿ ಕೂಡ್ತಾರಂತ?" ಎಂದು ಕೇಳಿದ.